ಮೊದಲು ಯಾವ ಎಳೆ

ಗೋಡೆಗೆ ಹಾಕಿದ್ದ ದೊಡ್ಡ ಪರದೆಯ ಮೇಲೆ ರೈಲುದಾರಿಯ ಉದ್ದಕ್ಕೂ ಹಸಿರಾಗಿ ಹರಿದಿದ್ದ ಗೆರೆ, ಸೇತುವೆಯ ಆಚೆಗಿನ ತಿರುವಿನಲ್ಲಿ ತಟ್ಟನೆ ಕೆಂಪಗಾದದ್ದನ್ನು ಆ ಕೋಣೆಯಲ್ಲಿ ಮೊದಲು ಕಂಡವನು ಅವನೇ. ಕಂಡೂ ಕಾಣದವನ ಹಾಗೆ ಕುರ್ಚಿಯನ್ನು ತುಸು ಎಡಕ್ಕೆ ಸರಿಸಿ, ಮೊಬೈಲ್ ಕಂಪನಿಯಿಂದ ಬಂದಿದ್ದ ಹೆಂಗಸಿಗೂ ಪರದೆಗೂ ನಡುವೆ ತನ್ನ ಮೈಯನ್ನು ಅಡ್ಡ ಇಟ್ಟುಕೊಂಡ. ಇದು ಎಂಥ ಪೆದ್ದತನ ಎಂದು ಅವನಿಗೇ ಗೊತ್ತಿತ್ತು. ನೆಲದಡಿಯಲ್ಲಿ ಕೇಬಲ್ ತುಂಡಾದರೆ ಅದನ್ನು ಬೆನ್ನಿನಿಂದ ಮುಚ್ಚಿಡುವುದಕ್ಕೆ ಆಗುತ್ತದೆಯೇ? ಆದರೂ ಆ ಒಂದು ಗಳಿಗೆ, ಚಹಾದ ಲೋಟ ಕೈಯಲ್ಲಿ ಹಿಡಿದು ನಗುತ್ತಿದ್ದ ದೊಡ್ಡ ಸಾಹೇಬರು ಇನ್ನೂ ತಿರುಗಿ ನೋಡಿಲ್ಲ ಎನ್ನುವುದೇ ದೊಡ್ಡ ಬಿಡುಗಡೆಯ ಹಾಗೆ ಅನ್ನಿಸಿತು. ಇವತ್ತೇ ಆಗಬೇಕಿತ್ತೇ ಇದು. ನಿನ್ನೆ ಆಗಬಹುದಿತ್ತು, ನಾಳೆ ಆಗಬಹುದಿತ್ತು. ಉಳಿದಿದ್ದ ಎಳೆಗಳನ್ನೂ ಕಂಪನಿಗೆ ಕೊಡುವ ಮಾತು ಮುಗಿಯುವ ದಿನವೇ, ಅದೂ ಆಕೆ ಬಂದು ಕೂತ ಮೇಲೆ. "ಸರ್, ಅಲ್ಲಿ ಏನೋ ಕೆಂಪಗೆ ಕಾಣ್ತಿದೆಯಲ್ಲ?" ಎಂದು ಆಕೆ ಕತ್ತು ಚಾಚಿ ಕೇಳಿದಾಗ ಅವನು ಮೊದಲ ಸಲ ನೋಡಿದವನ ಹಾಗೆ ತಿರುಗಿದ. ತಿರುಗಿದ ರೀತಿಯಲ್ಲಿದ್ದ ನಾಟಕ ಎಲ್ಲರಿಗೂ ತಿಳಿಯಿತೇನೋ ಎಂದು ಕಿವಿ ಬಿಸಿಯಾಯಿತು.

ಹಳಿಯ ಮಗ್ಗುಲಲ್ಲಿ ಹೂತ ಆ ಕೇಬಲ್ ರೈಲ್ವೆಯದು. ಅದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳು. ನಿಲ್ದಾಣಗಳ ನಡುವಿನ ಮಾತಿಗೆ, ಸಿಗ್ನಲ್ಲಿಗೆ, ಗೇಟುಗಳ ಫೋನಿಗೆ ಬೇಕಾದದ್ದು ಅದರಲ್ಲಿ ನಾಲ್ಕಾರು ಎಳೆ ಮಾತ್ರ. ಮಿಕ್ಕವು ಬೆಳಕು ಕಾಣದೆ ಸುಮ್ಮನೆ ಮಲಗಿದ್ದವು. ಮಲಗಿದವನ್ನು ಎಬ್ಬಿಸಿ ಬಾಡಿಗೆಗೆ ಕೊಟ್ಟವನು ಅವನು. ಕಚೇರಿಯವರು ಅವನಿಗೆ ಎಳೆ ಸಾಹೇಬ ಎಂದು ಹೆಸರಿಟ್ಟದ್ದು ಗೇಲಿ ಮಾಡುವುದಕ್ಕೆ. ಮಾತನ್ನು ಎಳೆಯುತ್ತಾನೆ, ಕಡತವನ್ನು ಎಳೆಯುತ್ತಾನೆ, ಈಗ ನೆಲದೊಳಗಿನದನ್ನೂ ಎಳೆಯಲು ಹೊರಟಿದ್ದಾನೆ ಎಂದು. ಕಂಪನಿ ಬಂದು ಕರಾರಾದ ಮೇಲೆ ಅದೇ ಹೆಸರು ಮರ್ಯಾದೆಯ ಹೆಸರಾಯಿತು. ಈಗ ಯಾರಾದರೂ ಹಾಗೆ ಕರೆದರೆ ಒಳಗೊಳಗೇ ಹಿಗ್ಗುತ್ತಾನೆ. ಕರಾರಿನ ಒಂದೊಂದು ಸಾಲನ್ನೂ ಅವನೇ ಕೂತು ಬರೆದಿದ್ದ. ಕೇಬಲ್ ಕಡಿದರೆ ಬಾಡಿಗೆಯ ಎಳೆಗಳನ್ನು ಮೊದಲು ಬೆಸೆಯತಕ್ಕದ್ದು ಎಂಬ ಸಾಲು ಕಂಪನಿಯವರು ಕೇಳುವ ಮೊದಲೇ ಅವನು ಸೇರಿಸಿದ್ದು. ಕೇಳದೆ ಕೊಟ್ಟರೆ ಕೊಟ್ಟವನು ದೊಡ್ಡವನಾಗುತ್ತಾನೆ ಎಂಬ ಲೆಕ್ಕ. ಹಳಿಯ ಆಚೆ ಬದಿಯ ಕೇಬಲ್‌ನಲ್ಲಿ ಗೇಟ್ ಫೋನಿಗೆಂದು ಒಂದು ಜೊತೆ ಎಳೆ ಮೀಸಲಿತ್ತಲ್ಲ, ಈಚೆಯದು ಕಡಿದರೆ ಅದಕ್ಕೆ ಬದಲಾಯಿಸಿಕೊಳ್ಳಲು. ಅದನ್ನೂ ಕೊಟ್ಟಾಗಿತ್ತು. ನಿವೃತ್ತಿ ಹತ್ತಿರವಿದ್ದ ಸಿಗ್ನಲ್ ಎಂಜಿನಿಯರು ಅವತ್ತು ಸಭೆಯಲ್ಲಿ, "ಅದೊಂದು ಬಿಟ್ಬಿಡಪ್ಪ, ಹೊತ್ತು ಬಂದ್ರೆ ಬೇಕಾಗುತ್ತೆ" ಎಂದಾಗ ಅವನು, "ಹೊತ್ತು ಬರೋವರೆಗೂ ಅದು ಕತ್ತಲಲ್ಲಿ ಗೊರಕೆ ಹೊಡೀತಾ ಇರ್ಬೇಕಾ ಸಾರ್?" ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು. ದೊಡ್ಡ ಸಾಹೇಬರು ಮೇಜು ತಟ್ಟಿ ನಕ್ಕಿದ್ದರು. ಎಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಆ ಕನ್ನಡಕ ಒರೆಸಿದ್ದು ಈಗ ಯಾಕೆ ನೆನಪಿಗೆ ಬರಬೇಕು.

ಚರಂಡಿ ತೋಡುವ ಯಂತ್ರವೊಂದು ಕೇಬಲ್ಲನ್ನು ಹರಿದು ಹಾಕಿದೆ ಎಂದು ಗೊತ್ತಾಯಿತು. ಆ ಭಾಗದ ಮೊಬೈಲ್ ಟವರುಗಳೂ ಕಂಪನಿಯ ಎಳೆಗಳ ಮೇಲೆಯೇ ನಿಂತಿದ್ದರಿಂದ ಸುತ್ತಲಿನ ಊರುಗಳ ಫೋನೆಲ್ಲ ಒಟ್ಟಿಗೆ ಮೂಕವಾಗಿದ್ದವು. ಎಳೆ ಬೆಸೆಯುವ ಜಾಯಿಂಟರ್ ವ್ಯಾನಿನಲ್ಲಿ ಅಲ್ಲಿಗೆ ತಲುಪಿ ವೈರ್‌ಲೆಸ್ಸಿನಲ್ಲಿ ಮಾತಾಡಿದ. ಅವನ ದನಿ ಕೋಣೆಯ ಗೋಡೆಯಲ್ಲಿದ್ದ ಸ್ಪೀಕರಿನಿಂದ ಎಲ್ಲರಿಗೂ ಕೇಳುವ ಹಾಗೆ ಬಂತು.

"ಸಾರ್, ತುದಿ ಎರಡೂ ಸಿಕ್ತು, ಚೊಕ್ಕ ಮಾಡ್ಕೊಂಡಿದ್ದೀನಿ. ಗೇಟ್ ಫೋನಿಂದು ಒಂದೇ ಜೊತೆ ಸಾರ್. ಅದನ್ನ ಮೊದ್ಲು ಸೇರಿಸಿಬಿಡ್ಲಾ? ಬೇಗ ಆಗೋಗುತ್ತೆ. ಇಲ್ಲಿ ತಿರುವಿನ ಗೇಟ್ ಹತ್ರ ಗಾಡಿಗಳು ಸಾಲಾಗಿ ನಿಂತ್ಬಿಟ್ಟಿವೆ. ಜನ ಕೂಗಾಡ್ತಿದ್ದಾರೆ."

ಅವನು ದೊಡ್ಡ ಸಾಹೇಬರ ಕಡೆ ನೋಡಿದ. ಅವರು ಹೆಬ್ಬೆರಳಿನ ಉಗುರನ್ನು ನೋಡಿಕೊಳ್ಳುತ್ತಿದ್ದರು. ಕಂಪನಿಯ ಹೆಂಗಸು ಏನೂ ಕೇಳಲಿಲ್ಲ, ಜೋರು ಮಾಡಲಿಲ್ಲ, ಕೈಗಡಿಯಾರವನ್ನೂ ನೋಡಲಿಲ್ಲ. ಬರೀ ಸ್ನೇಹದಿಂದ ನಕ್ಕು, "ಷರತ್ತು ನೀವೇ ಬರೆದಿದ್ದಲ್ವಾ ಸರ್" ಎಂದಳು, ಅವನ ಅಕ್ಷರ ಚೆನ್ನಾಗಿದೆ ಎಂದು ಹೊಗಳುವ ಹಾಗೆ. ಆಮೇಲೆ ಆ ಗಳಿಗೆಯನ್ನು ಅವನು ಎಷ್ಟು ಸಲ ತಿರುವಿ ಹಾಕಿ ನೋಡಿದರೂ ಅದರಲ್ಲಿ ಅವನಿಗೆ ಅಪ್ಪಣೆ ಕೊಟ್ಟವರು ಯಾರೂ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಒಬ್ಬರು ಗದರಿದ್ದರೆ, ಒಬ್ಬರು ಕಣ್ಣು ಕೆಂಪಗೆ ಮಾಡಿದ್ದರೆ ಸಾಕಿತ್ತು. ತಿರುವಿನ ಗೇಟು ಎಂದಾಗಲೇ ಅಲ್ಲಿ ಗೇಟು ಕಾಯುವ ಭಾವನ ನೆನಪಾದದ್ದು ನಿಜ. ಅಕ್ಕ ಮೊನ್ನೆ ಫೋನಿನಲ್ಲಿ, ಈ ವಾರವೆಲ್ಲ ನಿಮ್ಮ ಭಾವಂಗೆ ಹಗಲು ಪಾಳಿ, ಸಂಜೆ ಮನೇಲೇ ಇರ್ತಾರೆ, ಒಂದಿನ ಬಂದು ಊಟ ಮಾಡ್ಕೊಂಡು ಹೋಗೋ ಎಂದಿದ್ದಳು. ಹೂಂ ಎಂದಿದ್ದ. ಪಾಳಿ ಬದಲಾಗಿದ್ದರೂ ಆಗಿರಬಹುದು, ಬೇರೆ ಯಾರೋ ಇರಬಹುದು ಎಂದು ಒಂದೇ ಉಸಿರಿನಲ್ಲಿ ತನಗೆ ತಾನೇ ಹೇಳಿಕೊಂಡು ಬಾಯಿ ತೆರೆದ. "ಕಂಪನಿದು ಮೊದ್ಲು" ಎಂದ. "ಅದೆಲ್ಲ ಮುಗಿದ ಮೇಲೆ ನಮ್ದು." ದನಿ ಗಟ್ಟಿಯಾಗಿ, ನಿರ್ಧಾರ ಗೊತ್ತಿರುವವನ ದನಿಯ ಹಾಗೆ ಬಂದದ್ದು ಅವನಿಗೇ ಮೆಚ್ಚುಗೆಯಾಯಿತು. ಸ್ಪೀಕರು ಸ್ವಲ್ಪ ಹೊತ್ತು ಗರಗರ ಎಂದಿತು. "ಆಯ್ತು ಸಾರ್" ಎಂದ ಜಾಯಿಂಟರ್.

ಒಳಗಿನ ಕೋಣೆಗೆ ಹೋಗಿ ಮಾತು ಮುಂದುವರಿಸಿದರು. ಬಾಗಿಲ ಪಕ್ಕದ ಕುರ್ಚಿ ಎಂದಿನ ಹಾಗೆ ಅವನಿಗೇ ಬಂತು. ಯಾರಾದರೂ ಒಳಗೆ ಬಂದಾಗಲೆಲ್ಲ ಮೊಣಕಾಲು ಮಡಿಸಿಕೊಳ್ಳಬೇಕು. ಆದರೆ ಇವತ್ತು ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಕೇಬಲ್ ಯಾರದು, ಎಳೆ ಯಾರದು ಎಂಬ ತಕರಾರು ಮುಂದೆ ಬರದ ಹಾಗೆ ಹೇಗೆ ಬರೆಯೋಣ ಎಂದು ಆಕೆ ಕೇಳಿದಾಗ, "ಒಡೆತನ ನಮ್ದು, ಒಳಗೆ ಹರಿಯೋ ಬೆಳಕು ನಿಮ್ದು" ಎಂದ. ಎಷ್ಟು ಚೆನ್ನಾಗಿ ಹೇಳಿದಿರಿ ಎಂದು ಆಕೆ ಅದನ್ನು ಬರೆದುಕೊಂಡಳು. ಆಗ ಅವನ ಜೇಬಿನಲ್ಲಿ ಮೊಬೈಲ್ ನಡುಗಿತು. ತೆಗೆದು ನೋಡಿದರೆ ಭಾವ. ಹಾಗಾದರೆ ಟವರು ಬಂತು, ಕಂಪನಿಯ ಎಳೆಗಳು ಕೂಡಿಕೊಳ್ಳುತ್ತಿವೆ ಎಂದು ಮೊದಲು ಹೊಳೆದದ್ದು ಅದು. ಆಮೇಲೆ ಉಳಿದದ್ದು ಹೊಳೆಯಿತು. ಭಾವ ಪಾಳಿಯಲ್ಲಿದ್ದಾರೆ. ಪಾಳಿಯಲ್ಲಿ ಮೊಬೈಲ್ ಮುಟ್ಟುವ ಹಾಗಿಲ್ಲ, ಭಾವ ಯಾವತ್ತೂ ಮುಟ್ಟಿದವರಲ್ಲ. ಮೇಜಿನ ಮೇಲಿಟ್ಟ ಫೋನಿನಲ್ಲಿ ಆ ಹೆಸರು ಹೊತ್ತಿ ಆರುತ್ತಿತ್ತು. ದೊಡ್ಡ ಸಾಹೇಬರು ಹುಬ್ಬು ಏರಿಸಿದರು. ಅವನು ಕೂಡಲೇ ಗುಂಡಿ ಒತ್ತಿ ಕರೆಯನ್ನು ಕತ್ತರಿಸಿದ. ಎರಡನೆಯ ಸಲ ಬಂದಾಗ ಫೋನನ್ನು ಮಗುಚಿ ಇಟ್ಟ. ಮಗುಚಿದರೂ ಅದು ಮರದ ಮೇಲೆ ನಡುಗುತ್ತ ನಿಧಾನವಾಗಿ ಅಂಚಿನ ಕಡೆ ಸರಿಯುತ್ತಿತ್ತು. ಅವನು ಅಂಗೈಯಿಂದ ಅದನ್ನು ಅದುಮಿ ಹಿಡಿದು ಮಾತಾಡಿದ. ಅಂಗೈಯಡಿಯಲ್ಲಿ ಅದು ಒದ್ದಾಡಿ ಒದ್ದಾಡಿ ಸುಮ್ಮನಾಯಿತು.

ಭಾವನ ಕೈ ದರ್ಜಿಯ ಕೈ. ಅವನ ಮೊದಲ ಸಂದರ್ಶನಕ್ಕೆ ಪ್ಯಾಂಟು ಹೊಲಿದು ಕೊಟ್ಟದ್ದು ಆ ಕೈ. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಕತ್ತರಿಸಿ, "ನೀನು ಕೂತಾಗ ಮೊಣಕಾಲು ಅಲ್ಲಾಡಿಸ್ತೀಯ, ಅದಕ್ಕೆ ಅಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದೀನಿ, ಅಲ್ಲಾಡಿಸಿದ್ರೂ ಎದುರಿನವರಿಗೆ ಗೊತ್ತಾಗಲ್ಲ" ಎಂದಿದ್ದರು. ಸಿದ್ಧ ಉಡುಪಿನ ಅಂಗಡಿಗಳು ಬೀದಿ ತುಂಬ ಬಂದು ಭಾವನ ಯಂತ್ರ ಮೂಲೆ ಸೇರಿದಾಗ ಗೇಟಿನ ಕೆಲಸ ಕೊಡಿಸಿದವನು ಅವನು. ಅಕ್ಕ ಆ ದಿನ ಅವನ ತಲೆ ಸವರಿದ್ದಳು, ಇಷ್ಟು ದೊಡ್ಡವನಾದ ಮೇಲೂ. ಅಮ್ಮ ಹೋದ ಮೇಲೆ ತಾನು ಸ್ಕೂಲು ಬಿಟ್ಟು ಅವನ ತಲೆ ಬಾಚಿ ಸ್ಕೂಲಿಗೆ ಕಳಿಸುತ್ತಿದ್ದವಳು ಅಕ್ಕ. ಬಾಚಣಿಗೆಯ ಹಲ್ಲು ನೆತ್ತಿಗೆ ತಾಗಿ ಅವನು ಚೀರಿದರೆ, ಸುಮ್ಮನಿರೋ ಸಾಹೇಬ ಎನ್ನುತ್ತಿದ್ದಳು. ಭಾವ ಮಾತ್ರ ಹೊಸ ಸಮವಸ್ತ್ರದಲ್ಲಿ ಪೆಚ್ಚಾಗಿ ನಿಂತು, "ನನ್ನಿಂದ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ? ಬಟ್ಟೆ ಕೆಟ್ರೆ ಬಿಚ್ಚಿ ಹೊಲೀಬಹುದು, ಇದು ರೈಲು" ಎಂದು ಕೇಳಿದ್ದರು. ಅವನೇ ಧೈರ್ಯ ಹೇಳಿದ್ದ. "ಫೋನ್ ಇರುತ್ತೆ ಭಾವ. ಗೇಟ್ ಫೋನಲ್ಲಿ ಸ್ಟೇಷನ್ನಿಂದ ಬಂದ ಮಾತು ಮಾತ್ರ ಮಾತು, ಬೇರೆ ಯಾವ ಫೋನಲ್ಲಿ ಬಂದಿದ್ದೂ ಲೆಕ್ಕಕ್ಕಿಲ್ಲ. ಅದು ಕೆಟ್ಟು ಹೋಯ್ತಾ, ಗೇಟ್ ಮುಚ್ಚಿ ಕೂತ್ಬಿಡಿ. ಯಾರು ಬಂದು ಏನು ಹೇಳಿದ್ರೂ ತೆಗೀಬೇಡಿ. ನಿಮ್ಮನ್ನ ಯಾರೂ ಏನೂ ಮಾಡೋಕಾಗಲ್ಲ." ಭಾವ ಅದನ್ನು ಪಾಠದ ಹಾಗೆ ತುಟಿ ಅಲ್ಲಾಡಿಸಿ ಹೇಳಿಕೊಂಡಿದ್ದರು.

ಗೆರೆ ಮತ್ತೆ ಹಸಿರಾದಾಗ ಹೊರಗಿನ ಕೋಣೆಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ಕರಾರಿನ ಗಡುವಿಗಿಂತ ಎಷ್ಟೋ ಮುಂಚೆ. ಆಮೇಲೆ ಎಲ್ಲರೂ ಊಟಕ್ಕೆ ಕೂತಾಗ ದೊಡ್ಡ ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಎಳೆ ಸಾಹೇಬರು ಇದ್ದಾರಲ್ಲ" ಎಂದು ಆಕೆಗೆ ಹೇಳಿದರು. ಆ ಕೈಯ ಭಾರ ಹೆಗಲ ಮೇಲೆ ಇರುವಾಗಲೇ ಜವಾನ ಬಂದು ಕಿವಿಯಲ್ಲಿ ಹೇಳಿದ. ತಿರುವಿನ ಗೇಟಿನಲ್ಲಿ ಗಲಾಟೆ ಆಯಿತಂತೆ. ಗೇಟಿನವರಿಗೆ ಹೊಡೆದಿದ್ದಾರಂತೆ. ನಮ್ಮದೇ ವ್ಯಾನಿನಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋಗಿದ್ದಾರಂತೆ. "ಅವರು ನಿಮ್ಮ ಭಾವನೋರು ಅಲ್ವಾ ಸಾರ್?" ಅವನು ಎದ್ದು ನಿಂತ. ಎದ್ದವನು, ಹೋಗಿ ಬರಲೇ ಎಂದು ದೊಡ್ಡ ಸಾಹೇಬರ ಅನುಮತಿ ಕೇಳಿದ. ಅವರು, ಊಟ ಮಾಡಿಕೊಂಡು ಹೋಗಿ, ಹೇಗೂ ಬಡಿಸಿದ್ದಾರೆ ಎಂದರು. ಅವನು ಮತ್ತೆ ಕೂತ. ಕೂತು ಎರಡು ತುತ್ತು ತಿಂದ. ಆ ಎರಡು ತುತ್ತನ್ನು ತಾನು ಯಾಕೆ ತಿಂದೆ ಎಂಬುದು ಉಳಿದದ್ದಕ್ಕಿಂತ ಹೆಚ್ಚು ಅವನನ್ನು ಕಾಡುವುದಿತ್ತು.

ಬಾಡಿಗೆ ಕಾರಿನಲ್ಲಿ ಕೂತು ಅವನು ಮಾತು ಜೋಡಿಸಿಕೊಂಡ. ಕರಾರಿನಲ್ಲೇ ಹಾಗಿದೆ ಅಕ್ಕ. ಕರಾರು ಬರೆದವರು ಯಾರು ಎಂದು ಅವಳು ಕೇಳುವುದಿಲ್ಲ, ಅವಳಿಗೆ ಅದೆಲ್ಲ ತಿಳಿಯದು. ಮೇಲಿನವರ ಒತ್ತಾಯ ಇತ್ತು ಅಕ್ಕ. ಇಲ್ಲ, ಒತ್ತಾಯ ಎಂದರೆ ಯಾರು ಎನ್ನುತ್ತಾಳೆ. ಮೀಟಿಂಗಿನಲ್ಲಿದ್ದೆ, ಫೋನ್ ನೋಡಲೇ ಇಲ್ಲ. ಇದು ಚೆನ್ನಾಗಿದೆ, ಇದು ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಪಕ್ಕದ ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಜನ ಫೋನು ಹಿಡಿದು ನಗುತ್ತಿದ್ದರು, ಯಾರೋ ಯಾರಿಗೋ ತಲುಪಿದೆ ಎನ್ನುತ್ತಿದ್ದರು. ಅವನು ಗಾಜು ಇಳಿಸಿದ. "ಯಾಕೆ ಸಾರ್, ಎ.ಸಿ. ಜಾಸ್ತಿ ಆಯ್ತಾ?" ಎಂದು ಡ್ರೈವರ್ ಕೇಳಿದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಜಾಯಿಂಟರ್ ನಲ್ಲಿಯ ಕೆಳಗೆ ಅಂಗಿಯ ತೋಳು ಉಜ್ಜಿಕೊಳ್ಳುತ್ತಿದ್ದ. ತಲೆಯೆತ್ತಿ ಅವನನ್ನು ನೋಡಿದ. ನಮಸ್ಕಾರ ಹೇಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ, ನೀರು ಹರಿಯುತ್ತಲೇ ಇತ್ತು. ಅವನೇ ದಾಟಿಕೊಂಡು ಹೋಗಿ, ವಾರ್ಡಿಗೆ ಹೋಗದೆ ಗೋಡೆ ಬದಿಯ ಬೆಂಚಿನ ಮೇಲೆ ಕೂತ. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಅವನದೇ ವಯಸ್ಸಿನ ಗಂಡಸೊಬ್ಬ, ಜೇಬು ಹರಿದ ಅಂಗಿ, ಮಡಿಲಲ್ಲಿ ಮುದುಕರು ಹಾಕಿಕೊಳ್ಳುವ ಒಂದು ಜೊತೆ ಚಪ್ಪಲಿ ಇಟ್ಟುಕೊಂಡು ಕೂತಿದ್ದ.

"ನಿಮ್ಮೋರು ಯಾರು ಒಳಗಿರೋದು?" ಎಂದು ಆ ಗಂಡಸು ಕೇಳಿದ.

"ಯಾರೂ ಇಲ್ಲ" ಎಂದುಬಿಟ್ಟ ಅವನು.

"ನಮ್ಮಪ್ಪ" ಎಂದ ಆ ಗಂಡಸು, ಕೇಳದಿದ್ದರೂ. "ಎದೆ ನೋವು ಅಂದ್ರು, ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಹೊರಟೆ. ಗೇಟ್ ಹಾಕಿತ್ತು. ಗೇಟಿನವನು ಫೋನಿಲ್ಲ, ತೆಗೆಯೋಕಾಗಲ್ಲ ಅಂದ. ನಮ್ಮದೂ ಇರಲಿಲ್ಲ, ಹೋಗ್ಲಿ ಅಂತ ಕಾದೆ ಸಾರ್. ಕಾದೆ. ಆಮೇಲೆ ನೋಡಿದ್ರೆ ನಿಂತಿದ್ದೋರೆಲ್ಲರ ಫೋನೂ ಒಂದಾದಮೇಲೊಂದು ಬಡ್ಕೊಳ್ಳೋಕೆ ಶುರು ಆಯ್ತು. ಹೋಗಿ ಕೇಳಿದ್ರೆ ನನ್ನದಿನ್ನೂ ಬಂದಿಲ್ಲ ಅಂತಾನೆ. ಲೋಕಕ್ಕೆಲ್ಲ ಬಂದಿದ್ದು ಇವನೊಬ್ಬಂಗೆ ಬಂದಿಲ್ವಂತೆ. ಯಾರು ನಂಬ್ತಾರೆ ಹೇಳಿ? ನಾಟಕ ಆಡ್ತಿದ್ದಾನೆ ಅಂತ ಯಾರೋ ಅಂದ್ರು. ನಾನೇ ಮೊದ್ಲು ಕೈ ಎತ್ತಿದ್ದು. ಗೇಟ್ ತಿರುಗಿಸೋ ಹಿಡಿ ಹಿಡ್ಕೊಂಡು ಬಿಡಲೇ ಇಲ್ಲ ಅವನು. ಕಲ್ಲು ತಗೊಂಡು ಬೆರಳ ಮೇಲೆ ಹೊಡೆದೆ." ಆ ಗಂಡಸು ಚಪ್ಪಲಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. "ಅಷ್ಟೊತ್ತಿಗೆ ರೈಲು ಬಂತು. ತಿರುವಿನಿಂದ ಒಂದೇ ಸಲ. ಅವನು ಬಿಟ್ಟಿದ್ರೆ ನಾವಷ್ಟೂ ಜನ ಹಳಿ ಮೇಲಿರ್ತಿದ್ವಿ. ರೈಲು ಹೋದ ಮೇಲೆ ಗೇಟ್ ತೆಗೆದ್ರು. ಕಾರಿಗೆ ಬಂದು ನೋಡ್ತೀನಿ, ಅಪ್ಪಂಗೆ ಉಸಿರಿಲ್ಲ."

ಅಯ್ಯೋ ಎಂದಾದರೂ ಅನ್ನಬಹುದಿತ್ತು. ಅವನು ತನ್ನ ಬೂಟಿನ ತುದಿಯನ್ನೇ ನೋಡುತ್ತ ಕೂತ. ತನ್ನ ಮೊಣಕಾಲು ಅಲ್ಲಾಡುತ್ತಿರುವುದು ಬೆಂಚಿನ ನಡುಕದಿಂದ ಆ ಗಂಡಸಿಗೆ ಗೊತ್ತಾಗುತ್ತಿದೆ ಎನ್ನಿಸಿ ಎದ್ದ. "ಆ ಗೇಟಿನವನ ಹತ್ರ ಹೋಗಿ ಕಾಲು ಹಿಡೀಲಾ ಸಾರ್? ಹೋದ್ರೆ ಮನೆಯೋರು ಹೊಡೀತಾರೇನೋ" ಎಂದು ಆ ಗಂಡಸು ಹಿಂದಿನಿಂದ ಕೇಳಿದ. ಹೊಡೆಯುವುದಿಲ್ಲ ಎಂದು ಹೇಳಲು ಅವನು ಯಾರು? ಆಗತಾನೆ ಯಾರೂ ಅಲ್ಲ ಎಂದು ಹೇಳಿಯಾಗಿತ್ತು.

ವಾರ್ಡಿನಲ್ಲಿ ಭಾವ ಕಿಟಕಿ ಪಕ್ಕದ ಮಂಚದ ಮೇಲಿದ್ದರು. ಬಲಗೈ ಮೊಣಕೈವರೆಗೂ ಬಿಳಿ ಬಟ್ಟೆಯ ಮುದ್ದೆ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಅಕ್ಕ ಅವನನ್ನು ಕಂಡವಳೇ ಬಾಗಿಲವರೆಗೆ ಓಡಿ ಬಂದು ತೋಳು ಹಿಡಿದುಕೊಂಡಳು. "ಬಂದ್ಯಾ. ನೀನು ಬಂದ್ಯಲ್ಲ, ಇನ್ನು ನನಗೆ ಭಯ ಇಲ್ಲ. ಎರಡು ಬೆರಳು ಉಳಿಯಲ್ಲ ಅಂದ್ರು ಕಣೋ ಡಾಕ್ಟ್ರು. ನೀನೊಂದು ಮಾತು ಹೇಳು, ದೊಡ್ಡ ಡಾಕ್ಟ್ರನ್ನ ಕರೆಸ್ತಾರೆ." ತಿಂದಿದ್ದೀಯೋ ಇಲ್ಲವೋ, ಮುಖ ಬಾಡಿದೆ ಎಂದಳು. ತಿಂದಿದ್ದೇನೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನರ್ಸ್ ಯಾವುದೋ ಔಷಧಿಯ ಚೀಟಿ ಹಿಡಿದು ಕರೆದಾಗ, ನಾನು ತರುತ್ತೇನೆ ಎಂದು ಅವನು ಮುಂದೆ ಬಂದ. ಅಕ್ಕ ಬೇಡವೆಂದಳು. "ನೀನು ಅವರ ಹತ್ರ ಕೂತ್ಕೋ. ಬಂದಾಗಿಂದ ನಿನ್ನನ್ನೇ ಕೇಳ್ತಿದ್ರು."

ಅವಳ ಚಪ್ಪಲಿಯ ಸದ್ದು ಮೊಗಸಾಲೆಯಲ್ಲಿ ದೂರವಾಯಿತು. ಮೀಟಿಂಗಿನಲ್ಲಿದ್ದೆ, ಫೋನ್ ನೋಡಲೇ ಇಲ್ಲ ಎಂಬ ವಾಕ್ಯ ಅವನ ನಾಲಗೆಯ ಮೇಲೆ ಸಿದ್ಧವಾಗಿ ಕೂತಿತ್ತು.

"ಜಾಯಿಂಟರ್ ಹೇಳಿದ" ಎಂದರು ಭಾವ. ತುಟಿ ಒಡೆದಿದ್ದರಿಂದ ಮಾತು ಮಂದವಾಗಿ ಬರುತ್ತಿತ್ತು. "ಅವನ ಮೇಲೆ ಸಿಟ್ಟು ಮಾಡ್ಬೇಡ. ಬೇಕಂತ ಹೇಳಿದ್ದಲ್ಲ. ವ್ಯಾನಲ್ಲಿ ನನ್ನ ತಲೆ ತೊಡೆ ಮೇಲಿಟ್ಕೊಂಡು, ನಾನು ಕೇಳ್ದೆ ಸ್ವಾಮಿ, ನಾನು ಕೇಳ್ದೆ ಅಂತ ಒಂದೇ ಸಮ ಅಳ್ತಿದ್ದ. ಯಾರನ್ನ ಕೇಳ್ದೆ ಅಂದೆ. ಹೇಳಿದ."

ಅವನು ಮಂಚದ ಅಂಚಿನ ಸರಳನ್ನು ಹಿಡಿದುಕೊಂಡ.

"ಗೇಟಲ್ಲಿ ನಾನಿದ್ದೀನಿ ಅಂತ ಗೊತ್ತಿತ್ತಾ ನಿಂಗೆ?"

ಸಿದ್ಧವಾಗಿದ್ದ ವಾಕ್ಯ ಎಲ್ಲಿ ಹೋಯಿತೋ. ಹುಡುಕಿದ, ಸಿಗಲಿಲ್ಲ. ಊದಿದ ಕಣ್ಣು ಮುಚ್ಚಿತ್ತು, ಇನ್ನೊಂದು ಕಣ್ಣು ಬಟ್ಟೆ ಅಳೆಯುವಾಗಿನ ಹಾಗೆ ಅವನನ್ನು ಮೇಲಿಂದ ಕೆಳಗೆ ನೋಡುತ್ತಿತ್ತು. "ಗೊತ್ತಿತ್ತು" ಎಂದ ಅವನು. ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಎಲ್ಲೋ ಓದಿದ್ದು ಸುಳ್ಳು. ಒಳಗೆ ಏನೋ ಕಡಿದು, ಇನ್ನು ಯಾವ ತುದಿಯನ್ನು ಯಾವುದಕ್ಕೆ ಸೇರಿಸಬೇಕೆಂದು ಯಾರಿಗೂ ತಿಳಿಯದ ಹಾಗೆ ಆಯಿತು. ಭಾವ ಬೈಯಲಿ ಎಂದು ಕಾದ. ಎದ್ದು ಉಗಿಯಲಿ, ಇರುವ ಎಡಗೈಯಿಂದ ಒಂದು ಬಾರಿಸಲಿ. ಭಾವ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಪಕ್ಕದ ಮಂಚದ ರೋಗಿ ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದ.

"ಅವಳಿಗೆ ಹೇಳ್ಬೇಡ" ಎಂದರು ಕಡೆಗೆ, ಗೋಡೆಗೆ ಹೇಳುವ ಹಾಗೆ.

"ಭಾವ, ನಾನೇ ಹೇಳ್ತೀನಿ. ಹೇಳ್ಬೇಕು."

"ಬೇಡ. ನಿನ್ನ ಉಳಿಸೋಕೆ ಅಂತ ಅಲ್ಲ. ಅವಳಿಗೆ ತವರು ಅಂತ ಉಳಿದಿರೋದು ನೀನೊಬ್ಬ. ನನ್ನ ಕೈ ಹೋಯ್ತು. ಅದೂ ಹೋದ್ರೆ ಅವಳು ಎಲ್ಲಿ ನಿಲ್ತಾಳೆ? ಹೇಳಿ ನೀನು ಹಗುರ ಆಗ್ತೀಯ. ಹಗುರ ಆಗ್ಬೇಡ."

ಅಕ್ಕ ಔಷಧಿಯ ಪೊಟ್ಟಣ ಹಿಡಿದು ಒಳಗೆ ಬಂದಳು. ಇಬ್ಬರನ್ನೂ ನೋಡಿ, "ಏನು ಮಾತಾಡ್ತಿದ್ರಿ?" ಎಂದಳು. ಭಾವ ಗೋಡೆಯ ಕಡೆಯಿಂದ ತಿರುಗಲಿಲ್ಲ. ನಿದ್ದೆ ಬಂತೇನೋ ಎಂದು ಅವಳು ಹೊದಿಕೆ ಸರಿಮಾಡಿ, ಅವನ ಪಕ್ಕದ ಸ್ಟೂಲಿನ ಮೇಲೆ ಕೂತು ದನಿ ತಗ್ಗಿಸಿದಳು. "ಹೊರಗೆ ಜನ ಮಾತಾಡ್ಕೊಳ್ತಿದ್ರು ಕಣೋ. ಗೇಟಿಂದು ಮೊದ್ಲೇ ಸೇರಿಸಬಹುದಿತ್ತಂತೆ. ಆಫೀಸಲ್ಲಿ ಕೂತ್ಕೊಂಡು ಯಾರೋ ಬೇಡ ಅಂದ್ರಂತೆ. ಹೌದಾ?"

"ವಿಚಾರಿಸ್ತೀನಿ ಅಕ್ಕ."

"ವಿಚಾರಿಸು. ನಿಂಗೆ ಅಲ್ಲಿ ಎಲ್ಲರೂ ಗೊತ್ತು. ಯಾರು ಅಂತ ಗೊತ್ತಾದ್ರೆ ಸುಮ್ನೆ ಬಿಡ್ಬೇಡ. ನಾನು ಯಾರಿಗೂ ಕೆಟ್ಟದ್ದು ಬಯಸಿದೋಳಲ್ಲ. ಆದ್ರೆ ಅವನನ್ನ ಬಿಡ್ಬೇಡ. ನನ್ನ ಮೇಲೆ ಆಣೆ ಮಾಡು."

ಅವಳು ಅವನ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಕೂದಲು ಬೆವರಿನಿಂದ ಒದ್ದೆಯಾಗಿತ್ತು. ಬೈತಲೆಯಲ್ಲಿ ಬಿಳಿ ಬಂದಿರುವುದನ್ನು ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಬಿಡಲ್ಲ ಅಕ್ಕ" ಎಂದ.

ಅಷ್ಟು ಹೊತ್ತೂ ಅಳದಿದ್ದವಳು ಆಗ ಅತ್ತಳು. ಅವನ ತೋಳಿಗೆ ಮುಖ ಒತ್ತಿಕೊಂಡು, ರೋಗಿಗಳಿಗೆ ಕೇಳಿಸಬಾರದೆಂದು ಸೆರಗು ಕಚ್ಚಿಕೊಂಡು ಅತ್ತಳು. ಅವನು ಅವಳ ಬೆನ್ನು ಸವರುತ್ತ ಕೂತ. ಮಂಚದ ಮೇಲೆ ಭಾವ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹೊದಿಕೆ ಏರಿ ಇಳಿಯುವುದು ಆಗಾಗ ನಿಂತು, ಮತ್ತೆ ಏರುವುದನ್ನು ನೋಡಿದರೆ ಅವರಿಗೆ ನಿದ್ದೆ ಬಂದಿಲ್ಲವೆಂದು ಗೊತ್ತಾಗುತ್ತಿತ್ತು.